ನಿಸ್ಸಾನ್‌ನ ನಾಳೆ ಮತ್ತು ನಮ್ಮ ಕೈಗೆ ಸಿಗದ ಗಾಡಿಗಳು

2025ರ ಮೇ 13ರಂದು ನಿಸ್ಸಾನ್ ಕಂಪನಿಯ ಹೊಸ ಮುಖ್ಯಸ್ಥ ಇವಾನ್ ಎಸ್ಪಿನೋಸಾ ವರ್ಷದ ಲೆಕ್ಕ ಮುಂದಿಟ್ಟರು. ನಷ್ಟ ಸುಮಾರು 67 ಸಾವಿರ ಕೋಟಿ ಯೆನ್. ಕೆಲಸ ಕಳೆದುಕೊಳ್ಳುವವರು ಒಟ್ಟು 20 ಸಾವಿರ. 17 ಕಾರ್ಖಾನೆಗಳಲ್ಲಿ ಉಳಿಯುವುದು 10. ಸುದ್ದಿಯಲ್ಲಿ ಎಲ್ಲರೂ ಎತ್ತಿ ಹೇಳಿದ್ದು ಇಷ್ಟನ್ನೇ. ಆದರೆ ಅದೇ ಯೋಜನೆಯ ಒಳಗೆ ಇನ್ನೊಂದು ಮಾತಿತ್ತು: ಬಿಡಿಭಾಗಗಳ ಜಟಿಲತೆಯನ್ನು ಶೇ 70ರಷ್ಟು ಇಳಿಸುತ್ತೇವೆ, ಕಾರುಗಳನ್ನು ಕಟ್ಟುವ ತಳಹದಿಗಳಾದ 13 ಪ್ಲಾಟ್‌ಫಾರ್ಮ್‌ಗಳನ್ನು 2035ರ ಹೊತ್ತಿಗೆ 7ಕ್ಕೆ ತರುತ್ತೇವೆ. ನಾನು ಆ ಸಾಲಿನ ಹತ್ತಿರವೇ ನಿಂತುಬಿಟ್ಟೆ. ತಾನೇ ಮಾಡಿದ ಸಿಕ್ಕು ತನ್ನ ಕೊರಳಿಗೇ ಸುತ್ತಿಕೊಂಡಿದೆ ಎಂದು ಇಷ್ಟು ದೊಡ್ಡ ಕಾರು ಕಂಪನಿ ಅಂಕಿ ಹಾಕಿ ಒಪ್ಪಿಕೊಂಡದ್ದನ್ನು ನಾನು ಬೇರೆಲ್ಲೂ ಓದಿರಲಿಲ್ಲ. ಗಾಡಿ ಕೊಂಡ ನಾವಾದರೋ ಆ ಸಿಕ್ಕನ್ನು ಎಷ್ಟೋ ವರ್ಷಗಳಿಂದ ನಮ್ಮ ಖರ್ಚಿನಲ್ಲಿ ಬಿಡಿಸಿಕೊಳ್ಳುತ್ತಾ ಬಂದಿದ್ದೇವೆ.

ಕೊಡಗಿನ ಕಡೆಯವರಿಗೆ ನಿಸ್ಸಾನ್ ಪರಕೀಯ ಹೆಸರಲ್ಲ. ಪೇಟೆಯಲ್ಲಿ ಅದರ ಶೋರೂಮ್ ಕಾಣುವುದಕ್ಕೂ ಎಷ್ಟೋ ವರ್ಷ ಮೊದಲೇ ನಾವು ಅದರ ಗಾಡಿ ನೋಡಿದ್ದೆವು. ಅದು ಜೋಂಗಾ. ನಿಸ್ಸಾನ್ ಪಟ್ರೋಲ್ 60 ಎಂಬ ಜೀಪನ್ನು ಪರವಾನಗಿ ಪಡೆದು ಜಬಲ್‌ಪುರದ ಸೇನಾ ವಾಹನ ಕಾರ್ಖಾನೆಯಲ್ಲಿ 1969ರಿಂದ 1999ರವರೆಗೆ ಕಟ್ಟಿದರು. ಸೇನೆಯ ಸೇವೆ ಮುಗಿಸಿದ ಜೋಂಗಾಗಳು ಹರಾಜಿಗೆ ಬಂದಾಗ ಮನೆಗೊಬ್ಬ ಸೈನಿಕನಿರುವ ನಮ್ಮ ಜಿಲ್ಲೆಯವರು ಅವನ್ನು ಬಿಡಲಿಲ್ಲ. ಕಾಫಿ ತೋಟದ ಕೆಸರಿನಲ್ಲಿ, ಗೊಬ್ಬರದ ಮೂಟೆ ಹೇರಿಕೊಂಡು ಅವು ಎರಡನೇ ಜನ್ಮ ಕಂಡವು. ಮಹೇಂದ್ರ ಸಿಂಗ್ ಧೋನಿ 2019ರಲ್ಲಿ ಹಸಿರು ಜೋಂಗಾ ಓಡಿಸಿಕೊಂಡು ರಾಂಚಿಯ ಬೀದಿಗೆ ಬಂದಾಗ ದೇಶಕ್ಕೆಲ್ಲ ಅದು ಸುದ್ದಿ. ನಮಗೆ ಅದು ಪಕ್ಕದ ಮನೆಯ ಗಾಡಿ.

ಜೋಂಗಾದ ಬಾನೆಟ್ ಎತ್ತಿ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಆರು ಸಿಲಿಂಡರ್‌ಗಳ ನಾಲ್ಕು ಲೀಟರಿನ ಉದ್ದನೆಯ ಎಂಜಿನ್ ಸಾಲಾಗಿ ಮಲಗಿರುತ್ತದೆ. ಎರಡೂ ಬದಿಯಲ್ಲಿ ಮೊಣಕೈವರೆಗೆ ಕೈ ಇಳಿಸುವಷ್ಟು ಜಾಗ. ಪ್ರತಿ ಪೈಪು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಿನಲ್ಲೇ ಹಿಂಬಾಲಿಸಬಹುದು. ಎಂಜಿನ್ ಮಿಸ್ಸಿಂಗ್ ಹೊಡೆದರೆ ನಮ್ಮೂರಿನ ಮೆಕ್ಯಾನಿಕ್ ಗಾಡಿಯನ್ನು ಐಡ್ಲಿಂಗ್‌ನಲ್ಲಿ ಬಿಟ್ಟು, ಕೈಗೆ ಒಣ ಬಟ್ಟೆ ಸುತ್ತಿಕೊಂಡು ಸ್ಪಾರ್ಕ್ ಪ್ಲಗ್‌ನ ವೈರುಗಳನ್ನು ಒಂದೊಂದಾಗಿ ಎಳೆಯುತ್ತಿದ್ದರು. ಒಂದನ್ನು ಎಳೆದಾಗ ಎಂಜಿನ್ ಮುಗ್ಗರಿಸಿದರೆ ಆ ಸಿಲಿಂಡರ್ ಸರಿ ಇದೆ. ಎಳೆದರೂ ಶಬ್ದ ಒಂದಿಷ್ಟೂ ಬದಲಾಗದಿದ್ದರೆ ಕಾಯಿಲೆ ಅಲ್ಲೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ‘ಮೂರನೇದರ ಟ್ಯಾಪೆಟ್ ಹೊಡೀತಾ ಉಂಟು ಸಾರ್’ ಎನ್ನುತ್ತಿದ್ದರು. ಅವರ ಮಾತು ಹುಸಿಯಾದದ್ದು ನಾನು ನೋಡಿಲ್ಲ.

ಆ ಗಾಡಿ ಪೆಟ್ರೋಲು ಕುಡಿಯುತ್ತಿತ್ತು. ಹಿಂದೆ ಕೂತವರ ಕಣ್ಣು ಹೊಗೆಗೆ ಉರಿಯುತ್ತಿತ್ತು. ಸ್ಟೀರಿಂಗ್ ತಿರುಗಿಸಲು ಮೈಯೆಲ್ಲ ಬಲ ಬೇಕಿತ್ತು, ಅಪಘಾತವಾದರೆ ಕಾಪಾಡಲು ಅದರಲ್ಲಿ ಏನೂ ಇರಲಿಲ್ಲ. ಆ ಕಾಲ ವಾಪಸ್ ಬರಲಿ ಎಂದು ನಾನು ಕೇಳುತ್ತಿಲ್ಲ. ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ನೋಡಿಕೊಳ್ಳುವ ಎಬಿಎಸ್ ಇಲ್ಲದ ಗಾಡಿಯಲ್ಲಿ ಮಳೆಗಾಲದ ಘಾಟಿ ಇಳಿದವರು ಯಾರೂ ಎಬಿಎಸ್ ಬೇಡ ಎನ್ನುವುದಿಲ್ಲ. ಕಾರ್ಬೊರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದದ್ದರಿಂದ ಚಳಿಯ ಬೆಳಗಿನಲ್ಲಿ ಚೋಕ್ ಎಳೆದು ಕಾಯುವುದು ತಪ್ಪಿತು. ಒಳಗೆ ಅದು ಎಷ್ಟೇ ಸೂಕ್ಷ್ಮವಾಗಿರಲಿ, ಹೊರಗಿನವನಿಗೆ ಕೆಲಸ ಹಗುರ ಮಾಡಿತು. ಇಂಥ ಜಟಿಲತೆ ನನಗೆ ಒಪ್ಪಿಗೆ. ಯಂತ್ರ ತಾನು ಹೊತ್ತ ಭಾರವನ್ನು ಮಾಲೀಕನ ತಲೆಗೆ ದಾಟಿಸುವ ಇನ್ನೊಂದು ಬಗೆ ಇದೆ, ಸಿಟ್ಟು ಬರುವುದು ಅದರ ಮೇಲೆ.

ಹೋದ ಮಳೆಗಾಲದಲ್ಲಿ ನನ್ನ ಈಗಿನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಮ್ಮೆಲೇ ಹಳದಿ ದೀಪಗಳ ಸಾಲು ಹತ್ತಿಕೊಂಡಿತು. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ, ಇಂದು ಎಲ್ಲರ ಗಾಡಿಯೂ ಇದೇ. ಪಕ್ಕದ ಲೇನಿನ ಎಚ್ಚರಿಕೆ ಇಲ್ಲ, ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಇಲ್ಲ, ಹಿಂದೆ ಬರುವ ವಾಹನದ ಸೂಚನೆ ಇಲ್ಲ. ಊರಿನ ಅದೇ ಗ್ಯಾರೇಜಿಗೆ ಒಯ್ದೆ. ಅವರು ಸ್ಕ್ಯಾನರ್ ಹಾಕಿ ಕೋಡ್ ಓದಿದರು, ಹಿಂದಿನ ಬಂಪರ್ ಬಿಚ್ಚಿದರು. ಎಡ ಮೂಲೆಯ ರಾಡಾರ್ ಸೆನ್ಸರಿನ ಕನೆಕ್ಟರಿನೊಳಗೆ ನೀರು ಹೋಗಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಸಣ್ಣ ಬ್ರಷ್‌ನಲ್ಲಿ ತಿಕ್ಕಿ, ಒಣಗಿಸಿ, ಗ್ರೀಸ್ ಸವರಿ ಮತ್ತೆ ಕೂರಿಸಿದರು. ವೋಲ್ಟೇಜ್ ನೋಡಿದರು, ಸರಿಯಾಗಿ ಬರುತ್ತಿತ್ತು. ದೀಪ ಮಾತ್ರ ಆರಲಿಲ್ಲ. ಸೆನ್ಸರನ್ನು ಬಿಚ್ಚಿ ಕೂರಿಸಿದ ಮೇಲೆ ಅದಕ್ಕೆ ಹೊಸದಾಗಿ ಕ್ಯಾಲಿಬ್ರೇಷನ್, ಅಂದರೆ ಅಳತೆಯ ಹೊಂದಾಣಿಕೆ, ಆಗಬೇಕು, ಅದನ್ನು ಮಾಡುವ ಸಾಫ್ಟ್‌ವೇರ್ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮಾತ್ರ. ‘ಏನಾಗಿತ್ತು ಅಂತ ಗೊತ್ತುಂಟು ಸಾರ್, ಸರಿಯೂ ಮಾಡಿದ್ದೇನೆ. ಆದ್ರೆ ಗಾಡಿ ಒಪ್ಪುವುದಿಲ್ಲ, ಅದಕ್ಕೆ ಕಂಪನಿಯ ಲಾಗಿನ್ ಬೇಕಂತೆ’ ಎಂದರು. ಮೈಸೂರಿನ ಸರ್ವಿಸ್ ಸೆಂಟರಿನವರು ಪಿನ್ನು ನೋಡುವ ಗೋಜಿಗೂ ಹೋಗಲಿಲ್ಲ. ಸೆನ್ಸರ್, ಅದರ ವೈರಿಂಗ್ ಎರಡನ್ನೂ ಪೂರ್ತಿ ಬದಲಿಸಬೇಕೆಂದು ಎಸ್ಟಿಮೇಟ್ ಕೊಟ್ಟರು. ಕೆಲಸ ಬಲ್ಲವನ ಕೈ ಕಟ್ಟಿಹಾಕಿದ್ದನ್ನು ಕಣ್ಣಾರೆ ಕಂಡ ಸಂಕಟ ಇನ್ನೂ ಇಳಿದಿಲ್ಲ.

ಇದು ನನ್ನೊಬ್ಬನ ಗೊಣಗಾಟವಲ್ಲ, ನಮ್ಮ ದೇಶದಲ್ಲಿ ವಿಚಾರಣೆ ನಡೆದು ತೀರ್ಪಾದ ವಿಷಯ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಅಸಲಿ ಬಿಡಿಭಾಗ, ರಿಪೇರಿ ಕೈಪಿಡಿ, ದೋಷ ಪತ್ತೆ ಮಾಡುವ ಉಪಕರಣ ಇವನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿ ಗ್ರಾಹಕರನ್ನು ಕಟ್ಟಿಹಾಕಿದ್ದಾರೆ ಎಂಬುದು ಆಯೋಗದ ನಿರ್ಣಯ. ಆ 14ರಲ್ಲಿ ನಿಸ್ಸಾನ್ ಕೂಡ ಇತ್ತು. ಮೇಲ್ಮನವಿಗಳು ನಡೆದವು, 2022ರ ಕೊನೆಗೆ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಕೂಡ ತೆರೆಯಿತು. ನಮ್ಮೂರ ಗ್ಯಾರೇಜಿನ ಸ್ಕ್ಯಾನರಿಗೆ ಬೀಗ ಇನ್ನೂ ಬಿದ್ದೇ ಇದೆ.

ನಿಸ್ಸಾನ್ ಮುಳುಗಿದ ಕಥೆಯನ್ನು ಹೆಚ್ಚಿನವರು ಅದರ ಹಿಂದಿನ ಮುಖ್ಯಸ್ಥ ಕಾರ್ಲೋಸ್ ಘೋನ್ ಅವರಿಂದ ಶುರುಮಾಡಿ ಅವರಲ್ಲೇ ಮುಗಿಸುತ್ತಾರೆ. 1999ರಲ್ಲಿ ಫ್ರಾನ್ಸಿನ ರೆನೋ ಕೈಹಿಡಿದು ದಿವಾಳಿಯಿಂದ ಎತ್ತಿದ್ದು, 2018ರ ನವೆಂಬರಿನಲ್ಲಿ ಟೋಕಿಯೊದಲ್ಲಿ ಘೋನ್ ಬಂಧನ, ಮರುವರ್ಷದ ಕೊನೆಗೆ ಪೆಟ್ಟಿಗೆಯಲ್ಲಿ ಅಡಗಿ ಲೆಬನಾನಿಗೆ ಪಲಾಯನ. ಓದಲು ರೋಚಕ. ಆದರೆ ಕಂಪನಿಯನ್ನು ಒಳಗಿಂದ ತಿಂದದ್ದನ್ನು ನೋಡಬೇಕಾದರೆ ಗೇರ್‌ಬಾಕ್ಸ್ ಬಿಚ್ಚಬೇಕು.

2000ದ ನಂತರ ನಿಸ್ಸಾನ್ ಅಮೆರಿಕದಲ್ಲಿ ತನ್ನ ಕಾರುಗಳಿಗೆ ಸಿವಿಟಿ ಗೇರ್‌ಬಾಕ್ಸನ್ನು ಬೇರೆ ಯಾರೂ ಹಾಕದಷ್ಟು ಧಾರಾಳವಾಗಿ ಹಾಕಿತು. ಹಲ್ಲಿನ ಗೇರುಗಳ ಬದಲು ಎರಡು ಪುಲ್ಲಿ, ಅವುಗಳ ನಡುವೆ ಉಕ್ಕಿನ ಬೆಲ್ಟ್. ಪುಲ್ಲಿಗಳು ಅಗಲ-ಕಿರಿದಾಗುತ್ತಾ ವೇಗಕ್ಕೆ ತಕ್ಕ ಅನುಪಾತ ಹುಡುಕಿಕೊಳ್ಳುತ್ತವೆ. ಕಲ್ಪನೆ ಸೊಗಸು, ಮೈಲೇಜ್ ಚೆನ್ನಾಗಿ ಬರುತ್ತದೆ. ಆದರೆ ಬೆಲ್ಟ್ ಜಾರದಂತೆ ಹಿಡಿಯುವುದು ಬರೀ ಎಣ್ಣೆಯ ಒತ್ತಡ. ಭಾರದ ಗಾಡಿ, ಬಿಸಿಲು, ಉದ್ದ ಏರು ಸೇರಿದಾಗ ಎಣ್ಣೆ ಕಾಯುತ್ತದೆ, ಬೆಲ್ಟ್ ಜಾರುತ್ತದೆ, ಗಾಡಿ ನಡುಗುತ್ತದೆ. ದೂರು ಎಷ್ಟು ಏರಿತೆಂದರೆ 2003ರಿಂದ 2010ರವರೆಗಿನ ಗಾಡಿಗಳ ಸಿವಿಟಿಗೆ ಕಂಪನಿ ವಾರಂಟಿಯನ್ನು 10 ವರ್ಷಕ್ಕೆ ವಿಸ್ತರಿಸಿತು. ಅನಂತರದ ಮಾಡೆಲ್‌ಗಳ ಮೇಲೂ ಸಾಮೂಹಿಕ ದಾವೆಗಳು ಬಿದ್ದವು.

ಇದೇ ಹೊತ್ತಿಗೆ 2011ರಲ್ಲಿ ‘ಪವರ್ 88’ ಎಂಬ ಗುರಿ ಬಂತು. ಜಗತ್ತಿನ ಮಾರುಕಟ್ಟೆಯಲ್ಲಿ ಶೇ 8 ಪಾಲು, ಮಾರಾಟದ ಮೇಲೆ ಶೇ 8 ಲಾಭ. ಪಾಲು ಹಿಗ್ಗಿಸಲು ಅಮೆರಿಕದಲ್ಲಿ ರಿಯಾಯಿತಿ ಸುರಿದರು, ಬಾಡಿಗೆ ಕಾರಿನ ಕಂಪನಿಗಳಿಗೆ ಲಾಟುಗಟ್ಟಲೆ ಮಾರಿದರು. ಹೊಸ ಗಾಡಿ ಅಗ್ಗವಾದಾಗ ಹಳೆಯದರ ಬೆಲೆ ಬೀಳುತ್ತದೆ, ಗೇರ್‌ಬಾಕ್ಸಿನ ಅಪಖ್ಯಾತಿ ಸೇರಿದರೆ ಇನ್ನಷ್ಟು. ಮರುಮಾರಾಟದ ಬೆಲೆ ಇಲ್ಲದ ಗಾಡಿಯನ್ನು ಮಾರಲು ಇನ್ನೂ ಹೆಚ್ಚು ರಿಯಾಯಿತಿ ಕೊಡಬೇಕು. ಘೋನ್ ಹೋದ ಮೇಲೂ ಈ ಚಕ್ರ ನಿಲ್ಲಲಿಲ್ಲ. ಐದು ವರ್ಷದ ಮೇಲೆ ಯಾರೂ ಇಟ್ಟುಕೊಳ್ಳಲು ಹೆದರುವ ಕಾರನ್ನು ಮಾಡಿದ ಕಂಪನಿಗೆ ಹೆಸರು ಉಳಿಯುವುದು ಹೇಗೆ?

ನನಗೆ ಇದಕ್ಕಿಂತ ನೋವು ಕೊಡುವುದು ವಿಸಿ-ಟರ್ಬೊ ಎಂಜಿನ್. ಯಾಕೆಂದರೆ ಅದು ನಿಜವಾಗಿಯೂ ಅದ್ಭುತ. ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ನು ಕ್ರ್ಯಾಂಕಿಗೆ ಒಂದೇ ಕನೆಕ್ಟಿಂಗ್ ರಾಡ್‌ನಿಂದ ಸೇರಿರುತ್ತದೆ, ಅದು ಎಷ್ಟು ಮೇಲೇರಬೇಕೆಂಬುದು ಹುಟ್ಟಿದಾಗಲೇ ನಿಗದಿ. ನಿಸ್ಸಾನ್‌ನವರು ನಡುವೆ ಇನ್ನೊಂದು ತೋಳು ಇಟ್ಟರು. ಏತದ ಮರದಂತೆ ಅದರ ಒಂದು ತುದಿ ಪಿಸ್ಟನ್ನಿಗೆ, ಇನ್ನೊಂದು ತುದಿ ಕೆಳಗಿನ ನಿಯಂತ್ರಣದ ಶಾಫ್ಟಿಗೆ. ಎಲೆಕ್ಟ್ರಿಕ್ ಮೋಟಾರು ಆ ಶಾಫ್ಟನ್ನು ತುಸು ತಿರುಗಿಸಿದರೆ ಪಿಸ್ಟನ್ ಏರುವ ಎತ್ತರವೇ ಬದಲಾಗುತ್ತದೆ. ನಿಧಾನಕ್ಕೆ ಹೋಗುವಾಗ 14:1 ಸಂಪೀಡನ, ಇಂಧನ ಉಳಿತಾಯ. ಗಟ್ಟಿಯಾಗಿ ಒತ್ತಿದಾಗ 8:1, ಟರ್ಬೊದ ಪೂರ್ಣ ಬಲ. ಎರಡು ದಶಕ ದುಡಿದು 2018ರ ಹೊತ್ತಿಗೆ ಮಾರುಕಟ್ಟೆಗೆ ತಂದರು, ಜಗತ್ತಿನಲ್ಲಿ ಅದಕ್ಕೂ ಮೊದಲು ಯಾರೂ ಇದನ್ನು ಮಾರಾಟದ ಕಾರಿಗೆ ಹಾಕಿರಲಿಲ್ಲ. ಕನಸು ಕಂಡ ಎಂಜಿನಿಯರುಗಳಿಗೆ ನಾನು ತಲೆಬಾಗುತ್ತೇನೆ.

ಆದರೆ ಪ್ರತಿ ಸಿಲಿಂಡರಿಗೂ ಹೆಚ್ಚುವರಿ ಕೀಲುಗಳು, ಪ್ರತಿ ಕೀಲಿಗೂ ಬೇರಿಂಗ್. 2025ರಲ್ಲಿ ಅಮೆರಿಕದಲ್ಲಿ ಸುಮಾರು 4.4 ಲಕ್ಷ ಗಾಡಿಗಳನ್ನು ಇದೇ ಬೇರಿಂಗ್‌ಗಳ ದೋಷಕ್ಕಾಗಿ ವಾಪಸ್ ಕರೆಯಬೇಕಾಯಿತು. ಡೀಲರ್ ಎಣ್ಣೆಯ ತೊಟ್ಟಿಯನ್ನು ನೋಡಬೇಕು. ಲೋಹದ ಚೂರು ಸಿಕ್ಕಿತೋ, ಎಂಜಿನ್ನನ್ನೇ ಬದಲಿಸಬೇಕು. ಈ ಎಂಜಿನ್ ನಮ್ಮಲ್ಲಿಗೂ ಬಂದಿದೆ. 2024ರ ಆಗಸ್ಟ್‌ನಲ್ಲಿ ಎಕ್ಸ್-ಟ್ರೇಲ್ ಪೂರ್ತಿ ಕಟ್ಟಿದ ಗಾಡಿಯಾಗಿ ಹೊರದೇಶದಿಂದ ಬಂದಿಳಿಯಿತು, ಬೆಲೆ 49.92 ಲಕ್ಷ ರೂಪಾಯಿ. ವಿಸಿ-ಟರ್ಬೊ ಎಂಜಿನ್, ಅದರ ಜೊತೆಗೆ ಸಿವಿಟಿ. ವಾರಂಟಿ ಮುಗಿದ ಮೇಲೆ ಅದನ್ನು ಶಿರಾಡಿ ಘಾಟಿಯ ಈ ಕಡೆ ಯಾರು ಬಿಚ್ಚುತ್ತಾರೆ? ಯಾವ ಲೇತಿನಲ್ಲಿ ಆ ಕೀಲು ಕಡೆಯುತ್ತಾರೆ?

ಟೊಯೊಟಾ 1997ರಲ್ಲಿ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರು ಪ್ರಿಯಸ್ ತಂದಾಗ ಅದೂ ಬಹಳ ಸಂಕೀರ್ಣ ಕಾರು ಎಂದೇ ಎಲ್ಲರೂ ಅಂದುಕೊಂಡಿದ್ದರು. ಬಿಚ್ಚಿ ನೋಡಿದರೆ ಒಳಗೆ ಒಂದು ಗ್ರಹಚಕ್ರದ ಗೇರು, ಎರಡು ಮೋಟಾರು. ಕ್ಲಚ್ ಇಲ್ಲ, ಜಾರುವ ಬೆಲ್ಟಿಲ್ಲ. ಬುದ್ಧಿಯೆಲ್ಲ ಸಾಫ್ಟ್‌ವೇರಿನಲ್ಲಿ, ಸವೆಯುವ ಭಾಗ ಕಡಿಮೆ. ಅದಕ್ಕೇ ಜಗತ್ತಿನ ಟ್ಯಾಕ್ಸಿಯವರು ಅದನ್ನು ನೆಚ್ಚಿಕೊಂಡರು. ನಿಸ್ಸಾನ್ ಹತ್ತಿರವೂ ಇಂಥದೊಂದು ಇದೆ: ಜಪಾನಿನಲ್ಲಿ 2016ರಲ್ಲಿ ನೋಟ್ ಕಾರಿನಲ್ಲಿ ಬಂದ ಇ-ಪವರ್. ಎಂಜಿನ್ ಕರೆಂಟು ಮಾತ್ರ ಉತ್ಪಾದಿಸುತ್ತದೆ, ಚಕ್ರ ತಿರುಗಿಸುವುದು ಮೋಟಾರು, ಗೇರ್‌ಬಾಕ್ಸೇ ಬೇಡ. ಅಮೆರಿಕದ ಜನ ಹೈಬ್ರಿಡ್‌ಗಾಗಿ ಸಾಲು ನಿಂತಾಗ ಅದು ಅಲ್ಲಿನ ಶೋರೂಮುಗಳಲ್ಲಿ ಇರಲೇ ಇಲ್ಲ. ಕೈಯಲ್ಲಿ ಸರಳವಾದದ್ದು ಇದ್ದೂ ಸಿಕ್ಕಿನದನ್ನು ಮಾರಿದ್ದು ನನಗೆ ಕೊನೆಗೂ ಅರಗುವುದಿಲ್ಲ.

ಸರಳ ಅಂದಕೂಡಲೇ ಇನ್ನೊಂದು ತಪ್ಪು ದಾರಿ ಇದೆ. ನಿಸ್ಸಾನ್ ಅದರಲ್ಲೂ ನಡೆದು ಬಿದ್ದಿದೆ, ಬಿದ್ದದ್ದು ನಮ್ಮ ನೆಲದಲ್ಲೇ. 2014ರಲ್ಲಿ ದಾಟ್ಸನ್ ಹೆಸರನ್ನು ಮತ್ತೆ ಎಬ್ಬಿಸಿ ‘ಗೋ’ ಎಂಬ ಅಗ್ಗದ ಕಾರು ತಂದರು. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಅದೇ ವರ್ಷ ನವೆಂಬರಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ನವರು ಗೋಡೆಗೆ ಗುದ್ದಿಸಿ ನೋಡಿ ಸೊನ್ನೆ ಸ್ಟಾರ್ ಕೊಟ್ಟರು. ಮಾರಾಟ ನಿಲ್ಲಿಸಿ ಎಂದು ಆ ಸಂಸ್ಥೆಯ ಮ್ಯಾಕ್ಸ್ ಮೋಸ್ಲಿ ನೇರ ಘೋನ್ ಅವರಿಗೇ ಪತ್ರ ಬರೆದರು. 2022ರಲ್ಲಿ ದಾಟ್ಸನ್ ಇಲ್ಲಿ ಬಾಗಿಲು ಹಾಕಿತು. ಲೀಫ್‌ನದೂ ಹೀಗೇ. 2010ರ ಡಿಸೆಂಬರಿನಲ್ಲಿ ಜಗತ್ತಿಗೆ ಜನಸಾಮಾನ್ಯರ ಎಲೆಕ್ಟ್ರಿಕ್ ಕಾರು ಕೊಟ್ಟವರು, ಬ್ಯಾಟರಿ ತಂಪಾಗಿಡಲು ಬೇಕಿದ್ದ ದ್ರವದ ವ್ಯವಸ್ಥೆಯನ್ನು ಬಿಟ್ಟರು. ಅರಿಜೋನಾದ ಬಿಸಿಲಿಗೆ ಬ್ಯಾಟರಿಗಳು ಬೇಗ ಸೊರಗಿದವು. ಬೇಕಾದ ಕಡೆ ಕಿತ್ತುಹಾಕಿದರು, ಬೇಡದ ಕಡೆ ತುಂಬಿದರು. ಅದೇ ಲೀಫ್‌ನೊಳಗೆ ಫೋನಿನಿಂದ ಎಸಿ ಹಾಕುವ ಆ್ಯಪ್ ಇತ್ತು. ಬ್ರಿಟನ್ನಿನಲ್ಲಿ 2ಜಿ ಜಾಲ ನಿಲ್ಲುವುದರಲ್ಲಿದೆ ಎಂದು 2024ರ ಏಪ್ರಿಲ್‌ನಲ್ಲಿ ಹಳೆಯ ಲೀಫ್‌ಗಳಿಗೆ ಆ ಸೇವೆ ಕಡಿದರು. ಗಾಡಿ ಗಟ್ಟಿಯಾಗಿಯೇ ಇತ್ತು, ಅದರೊಳಗಿನ ಸಿಮ್ ಮುದಿಯಾಗಿತ್ತು.

ಸ್ಕ್ರೀನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಇದರಲ್ಲಿ ವಾದಿಸುವುದು ಏನೂ ಉಳಿದಿಲ್ಲ. 2022ರಲ್ಲಿ ಸ್ವೀಡನ್ನಿನ ಕಾರು ಪತ್ರಿಕೆಯೊಂದು ಗಂಟೆಗೆ 110 ಕಿ.ಮೀ. ವೇಗದಲ್ಲಿ ಎಸಿ, ರೇಡಿಯೊ ಮುಂತಾದ ನಾಲ್ಕಾರು ಕೆಲಸ ಮಾಡಿಸಿ ನೋಡಿತು. ಗುಂಡಿಗಳಿದ್ದ 2005ರ ವೋಲ್ವೊದಲ್ಲಿ 10 ಸೆಕೆಂಡ್, ಎಂಜಿಯ ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ 44.9 ಸೆಕೆಂಡ್. ಆ ವೇಗದಲ್ಲಿ ಅಷ್ಟು ಹೊತ್ತಿಗೆ ಗಾಡಿ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಓಡಿರುತ್ತದೆ. ಇಂಡಿಕೇಟರ್, ವೈಪರ್, ಹಾರ್ನ್‌ನಂಥವಕ್ಕೆ ಕೈಗೆ ಸಿಗುವ ಗುಂಡಿ ಇರಬೇಕೆಂದು ಯುರೋ ಎನ್‌ಕ್ಯಾಪ್ 2026ರಿಂದ ತನ್ನ ಅಂಕಗಳಲ್ಲೇ ಸೇರಿಸಿದೆ. ಫೋಕ್ಸ್‌ವ್ಯಾಗನ್‌ನವರು ಗುಂಡಿ ವಾಪಸ್ ತರುತ್ತೇವೆ ಎಂದಿದ್ದಾರೆ.

ಈಗ ನಿಸ್ಸಾನ್ ಎಲ್ಲಿಗೆ ಹೋಗುತ್ತದೆ? ಹೊಂಡಾ ಜೊತೆ ಒಂದಾಗುವ ಮಾತು 2024ರ ಡಿಸೆಂಬರಿನಲ್ಲಿ ಶುರುವಾಗಿ 2025ರ ಫೆಬ್ರವರಿಯಲ್ಲೇ ಮುರಿಯಿತು. ಅಂಗಸಂಸ್ಥೆಯಾಗಿ ಬಾ ಎಂದದ್ದಕ್ಕೆ ನಿಸ್ಸಾನ್ ಒಪ್ಪಲಿಲ್ಲ. 1961ರಿಂದ ನಡೆದ ಒಪ್ಪಾಮಾ ಕಾರ್ಖಾನೆಯಲ್ಲಿ 2028ರ ಮಾರ್ಚ್ ನಂತರ ಕಾರು ಕಟ್ಟುವುದಿಲ್ಲ. ಯೊಕೊಹಾಮಾದ ಮುಖ್ಯ ಕಚೇರಿಯನ್ನೇ 9,700 ಕೋಟಿ ಯೆನ್‌ಗೆ ಮಾರಿ, ಅದೇ ಕಟ್ಟಡದಲ್ಲಿ ಬಾಡಿಗೆಗೆ ಕೂತಿದ್ದಾರೆ. ಒಬ್ಬನೇ ಕುಶಲಕರ್ಮಿ ಕೈಯಾರೆ ಪೂರ್ತಿ ಎಂಜಿನ್ ಜೋಡಿಸಿ ತನ್ನ ಹೆಸರಿನ ಫಲಕ ಅಂಟಿಸುತ್ತಿದ್ದ ಆರ್35 ಜಿಟಿ-ಆರ್, 18 ವರ್ಷದ ಮೇಲೆ 2025ರ ಆಗಸ್ಟ್‌ನಲ್ಲಿ ನಿಂತಿತು. ಇವೆಲ್ಲ ಓದುವಾಗ ಒಬ್ಬ ಹಳೇ ಪರಿಚಯದವರ ಮನೆ ಸಾಮಾನು ಹೊರಗೆ ಬಂದದ್ದನ್ನು ಕಂಡ ಬೇಸರ ನನಗೆ.

ನನ್ನ ಎಣಿಕೆಯಲ್ಲಿ ನಿಸ್ಸಾನ್ ಬದುಕುವ ದಾರಿಯ ಒಂದು ತುಣುಕು ಇಲ್ಲೇ ಇದೆ. ಸನ್ನಿ, ಮೈಕ್ರಾ, ಟೆರಾನೊ, ಕಿಕ್ಸ್ ಎಲ್ಲ ಹೋದ ಮೇಲೆ ಭಾರತದಲ್ಲಿ ಕಂಪನಿಯ ಉಸಿರು ಉಳಿಸಿದ್ದು 2020ರ ಡಿಸೆಂಬರಿನಲ್ಲಿ ಬಂದ ಮ್ಯಾಗ್ನೈಟ್. ಮೂಲ ಮಾಡೆಲಿನಲ್ಲಿ ಒಂದು ಲೀಟರಿನ ಮೂರು ಸಿಲಿಂಡರ್ ಎಂಜಿನ್, ಟರ್ಬೊ ಕೂಡ ಇಲ್ಲ, ಐದು ಗೇರಿನ ಮ್ಯಾನುಯಲ್ ಬಾಕ್ಸ್. ಯಾವ ಊರಿನ ಗ್ಯಾರೇಜೂ ಹೆದರದ ಗಾಡಿ. 2024ರ ಹೊಸ ರೂಪದಲ್ಲಿ ಆರು ಏರ್‌ಬ್ಯಾಗ್‌ಗಳನ್ನು ಎಲ್ಲ ಮಾಡೆಲ್‌ಗಳಿಗೂ ಕೊಟ್ಟರು, ಮರುವರ್ಷ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರ ರಕ್ಷಣೆಗೆ 5 ಸ್ಟಾರ್ ಬಂತು. ಸೊನ್ನೆ ಸ್ಟಾರಿನ ಗೋ ಮಾರಿದ ಅದೇ ಕಂಪನಿ, ಚೆನ್ನೈ ಹತ್ತಿರದ ಅದೇ ಒರಗಡಂ ಕಾರ್ಖಾನೆ. ಜೀವ ಉಳಿಸುವ ಕಡೆ ಖರ್ಚು ಮಾಡಿ, ಉಳಿದದ್ದನ್ನು ಸರಳವಾಗಿ ಬಿಟ್ಟಾಗ ಏನಾಗುತ್ತದೆ ಎಂದು ಅವರೇ ತೋರಿಸಿದ್ದಾರೆ. ಶೇ 70 ಇಳಿಸುವ ಕೆಲಸ ಬಿಡಿಭಾಗದ ಗೋದಾಮಿನಲ್ಲೇ ನಿಲ್ಲದೆ ಬಾನೆಟ್ಟಿನ ಕೆಳಗೂ ಇಳಿದರೆ ಆ ಕಂಪನಿಯ ಮೇಲೆ ನನಗೆ ಭರವಸೆ ಇದೆ.

ಒಂದು ವಿಷಯ ಮಾತ್ರ ಚಿಂತೆಗೆ ಹಚ್ಚುತ್ತದೆ. 2025ರ ಮಾರ್ಚ್ ಕೊನೆಗೆ ಒರಗಡಂ ಕಾರ್ಖಾನೆಯಲ್ಲಿದ್ದ ತನ್ನ ಶೇ 51 ಪಾಲನ್ನು ರೆನೋಗೆ ಬಿಟ್ಟುಕೊಡಲು ನಿಸ್ಸಾನ್ ಒಪ್ಪಿತು. ಇನ್ನು ಮುಂದೆ ನಮ್ಮಲ್ಲಿ ನಿಸ್ಸಾನ್ ಹೆಸರಿನ ಗಾಡಿಗಳನ್ನು ಕಟ್ಟುವುದು ರೆನೋ. ಅದೇ ವರ್ಷದ ಅಕ್ಟೋಬರಿನಲ್ಲಿ ನಿಸ್ಸಾನ್ ಪರಿಚಯಿಸಿದ ಟೆಕ್ಟಾನ್ ಎಂಬ ಹೊಸ ಗಾಡಿ ಕೂಡ ರೆನೋ ಡಸ್ಟರಿನ ಬಂಧುವೇ. ಹಾಗಿದ್ದಾಗ ಟೆಕ್ಟಾನ್ ಕೊಳ್ಳಲು ಹೋಗುವವರು ಸನ್‌ರೂಫ್, ಸ್ಕ್ರೀನಿನ ಅಳತೆ ಕೇಳುವ ಮೊದಲು ಶೋರೂಮಿನವರನ್ನು ಕೂರಿಸಿಕೊಂಡು ಕೇಳಬೇಕಾದದ್ದು ಬೇರೆ ಇದೆ. ವಾರಂಟಿ ಮುಗಿದ ಮೇಲೆ ಬಿಡಿಭಾಗದ ಹೊಣೆ ನಿಸ್ಸಾನ್‌ದೋ ರೆನೋದ್ದೋ? ಎಷ್ಟು ವರ್ಷ ಸಿಗುತ್ತದೆ ಎಂದು ಬರೆದು ಕೊಡುತ್ತೀರಾ? ಸೆನ್ಸರ್ ಕ್ಯಾಲಿಬ್ರೇಷನ್ನಿನ ಸಾಫ್ಟ್‌ವೇರನ್ನು ದುಡ್ಡು ಕೊಟ್ಟರೆ ಹೊರಗಿನ ಗ್ಯಾರೇಜಿನವರಿಗೆ ಕೊಡುತ್ತೀರಾ? ನಮ್ಮೂರಿನ ಮೆಕ್ಯಾನಿಕ್ ದುಡ್ಡು ಕೊಡಲು ಸಿದ್ಧರಿದ್ದಾರೆ. ಯಾರನ್ನು ಕೇಳಬೇಕು ಎಂಬುದೇ ಅವರಿಗೆ ಇನ್ನೂ ತಿಳಿದಿಲ್ಲ.